ಚುಕ್ಕೆ ಎಲ್ಲಿದೆ, ಎಷ್ಟಿದೆ?

ಎಕ್ಕದ ಗಿಡದ ಸುತ್ತ ನಿಧಾನವಾಗಿ ಹಾರಾಡುವ ಕಿತ್ತಳೆ ಬಣ್ಣದ ಚಿಟ್ಟೆಯನ್ನು ನೀವು ನೋಡಿಯೇ ಇರುತ್ತೀರಿ. ಅದು ಪ್ಲೇನ್ ಟೈಗರ್. ಚಿಟ್ಟೆಯ ಅಂಗಗಳ ಹೆಸರನ್ನು ಅದರಿಂದಲೇ ಕಲಿಯೋಣ.

ಎಲ್ಲ ಕೀಟಗಳಂತೆ ಚಿಟ್ಟೆಯ ಮೈಯಲ್ಲೂ ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗಗಳಿವೆ. ತಲೆಯ ಮೇಲಿನ ಜೋಡಿ ಎಳೆಗಳು ಕುಡಿಮೀಸೆಗಳು. ವಾಸನೆ ಹಿಡಿಯುವುದು ಮುಖ್ಯವಾಗಿ ಇವುಗಳ ಕೆಲಸ. ಇವುಗಳ ತುದಿ ಬೆಂಕಿಕಡ್ಡಿಯ ತಲೆಯಂತೆ ದಪ್ಪಗಿರುತ್ತದೆ. ಬಹುತೇಕ ಪತಂಗಗಳಲ್ಲಿ ಹಾಗಿರುವುದಿಲ್ಲ. ತಲೆಯ ಕೆಳಗೆ ಸುರುಳಿ ಸುತ್ತಿಕೊಂಡಿರುವುದು ಮಕರಂದ ಹೀರುವ ಸೊಂಡಿಲು. ಚಿಟ್ಟೆ ಕೋಶದಿಂದ ಹೊರಬಂದಾಗ ಅದು ಎರಡು ಸೀಳಾಗಿರುತ್ತದೆ. ಅವೆರಡನ್ನೂ ಜೋಡಿಸಿಕೊಂಡರೆ ಮಾತ್ರ ಕೊಳವೆಯಾಗುತ್ತದೆ.

ಕಾಲು, ರೆಕ್ಕೆಗಳೆಲ್ಲ ಇರುವುದು ಎದೆಯಲ್ಲಿ. ಕಾಲುಗಳನ್ನು ಎಣಿಸಿದರೆ ನಿಮಗೆ ನಾಲ್ಕೇ ಸಿಗುತ್ತವೆ. ಗಾಬರಿಯಾಗಬೇಡಿ. ಪ್ಲೇನ್ ಟೈಗರ್ ಸೇರಿರುವ ನಿಂಫಾಲಿಡೇ ಕುಟುಂಬದಲ್ಲಿ ಮುಂಗಾಲುಗಳು ಕುಗ್ಗಿ ಎದೆಗೆ ಅಂಟಿಕೊಂಡಿರುತ್ತವೆ, ನಡೆಯಲು ಬರುವುದಿಲ್ಲ. ಹೊಟ್ಟೆಯ ವಿಷಯ ಸದ್ಯಕ್ಕೆ ಬಿಡೋಣ.

ಇನ್ನು ರೆಕ್ಕೆ. ಮುಂದಿನ ಜೋಡಿ ಮುಂರೆಕ್ಕೆ, ಹಿಂದಿನದು ಹಿಂರೆಕ್ಕೆ. ಒಂದು ಮುಂರೆಕ್ಕೆಯನ್ನು ತ್ರಿಕೋನವೆಂದು ಭಾವಿಸಿ. ಮೈಗೆ ಅಂಟಿದ ಮೂಲೆ ಬುಡ. ಅಲ್ಲಿಂದ ಮುಂದೆ ಸಾಗುವ ಅಂಚು ಕೋಸ್ಟಾ. ಅದು ಮುಗಿಯುವ ತುದಿ ಏಪೆಕ್ಸ್. ಅಲ್ಲಿಂದ ಇಳಿಯುವ ಹೊರ ಅಂಚು ಟರ್ಮೆನ್, ಅದು ಮುಗಿಯುವ ಹಿಂದಿನ ಮೂಲೆ ಟಾರ್ನಸ್. ಹಿಂರೆಕ್ಕೆಗೂ ಇವೇ ಹೆಸರುಗಳು. ರೆಕ್ಕೆಯ ತುಂಬ ಹರಡಿರುವ ನರಗಳು ಬುಡದಿಂದ ನಡುವಿನವರೆಗೆ ಸುತ್ತುವರಿದ ಜಾಗಕ್ಕೆ ಸೆಲ್ ಎನ್ನುತ್ತಾರೆ.

ಇಷ್ಟೆಲ್ಲ ಹೆಸರು ಏಕೆ ಬೇಕು? ಎಕ್ಕದ ಎಲೆ ತಿಂದು ಬೆಳೆದ ಪ್ಲೇನ್ ಟೈಗರ್ ಹಕ್ಕಿಗಳಿಗೆ ರುಚಿಸುವುದಿಲ್ಲ. ಡಾನೇಡ್ ಎಗ್‌ಫ್ಲೈ ಎಂಬ ಇನ್ನೊಂದು ಚಿಟ್ಟೆಯ ಹೆಣ್ಣು ಅದೇ ವೇಷ ತೊಟ್ಟು ಬದುಕಿಕೊಳ್ಳುತ್ತದೆ. ಅದೇ ಕಿತ್ತಳೆ, ಅದೇ ಕಪ್ಪು ಏಪೆಕ್ಸ್, ಅದೇ ಬಿಳಿ ಪಟ್ಟೆ. ಕಾಲೆಣಿಸಿಯೂ ಪ್ರಯೋಜನವಿಲ್ಲ, ಅದೂ ನಿಂಫಾಲಿಡೇ! ಹಿಂರೆಕ್ಕೆ ನೋಡಿ: ಪ್ಲೇನ್ ಟೈಗರ್‌ಗೆ ಸೆಲ್ಲಿನ ಸುತ್ತ ಕಪ್ಪು ಚುಕ್ಕೆಗಳಿವೆ, ಹೆಣ್ಣಿಗೆ 3, ಗಂಡಿಗೆ 4. ಗಂಡಿನ ಆ ಹೆಚ್ಚುವರಿ ಚುಕ್ಕೆ ಗಂಧದ ಚೀಲ. ಎಗ್‌ಫ್ಲೈಗೆ ಇರುವುದು ಕೋಸ್ಟಾದ ನಡುವೆ ಒಂದೇ ಚುಕ್ಕೆ. ಅದರ ಗಂಡಿಗೆ ಈ ವೇಷವೇ ಇಲ್ಲ. ಕಪ್ಪು ರೆಕ್ಕೆಯ ಮೇಲೆ ದೊಡ್ಡ ಬಿಳಿ ಮಚ್ಚೆಗಳು. ಅದನ್ನು ಪ್ಲೇನ್ ಟೈಗರ್ ಅಲ್ಲವೆನ್ನಲು ನಿಮಗೆ ಸೆಲ್ಲೂ ಬೇಡ, ಕೋಸ್ಟಾವೂ ಬೇಡ.