ಆಪತ್ತಿನ ಎರಡನೆಯ ವರ್ಷ

ಸಂಸ್ಕೃತದಲ್ಲಿ 'ಆಪತ್' ಎಂಬ ಶಬ್ದವು 'ಪದ್' ಧಾತುವಿನಿಂದ ಬಂದುದು. ಮೇಲೆ ಬಂದೆರಗುವುದು ಎಂಬುದು ಅದರ ಭಾವ. 'ಆಶ್ವಾಸನ'ವಾದರೋ 'ಶ್ವಸ್' ಧಾತುವಿನದು. ಉಸಿರು ಕಟ್ಟಿದವನು ಮರಳಿ ಉಸಿರಾಡುವಂತೆ ಮಾಡುವುದೆಂದು ಅದರ ಮೂಲಾರ್ಥ. ಭೂಕಂಪ, ಪ್ರವಾಹ, ಮಹಾಮಾರಿಗಳಂಥ ಆಪತ್ತು ಊರಿಗೆ ಊರನ್ನೇ ಹಿಡಿದಾಗ ಜನರ ಮನಸ್ಸಿಗೆ ಏನಾಗುತ್ತದೆ, ಕೆಲವರು ಪ್ರಾಣವನ್ನೇ ತೊರೆಯುವ ಯೋಚನೆಗೆ ಏಕೆ ಬರುತ್ತಾರೆ, ಅವರಿಗೆ ಆಶ್ವಾಸನವನ್ನು ಯಾವಾಗ, ಹೇಗೆ ನೀಡಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ನಾವು ಕಂಡ ಒಂದು ಸಂಗತಿ

1993ನೆಯ ಇಸವಿ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯ ವಿಸರ್ಜನೆ ಮುಗಿಸಿ ಜನರು ಮಲಗಿದ್ದ ಹೊತ್ತಿನಲ್ಲಿ, ಲಾತೂರು ಜಿಲ್ಲೆಯ ಕಿಲ್ಲಾರಿ ಸೀಮೆಯ ಭೂಮಿ ನಡುಗಿತು. ಮಣ್ಣಿನಿಂದ ಕಟ್ಟಿದ ದಪ್ಪ ಕಲ್ಲುಗೋಡೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಸುಮಾರು 8,000ದಿಂದ 10,000 ಜನರು ಮೃತರಾದರು. 52 ಗ್ರಾಮಗಳನ್ನು ಬೇರೆಡೆ ಹೊಸದಾಗಿ ಕಟ್ಟಬೇಕಾಯಿತು.

ನಾವು ಆಗ ಸೊಲ್ಲಾಪುರದಲ್ಲಿ ರೈಲ್ವೆ ಸೇವೆಯಲ್ಲಿದ್ದೆವು. ಆ ಸೀಮೆಯವನಾದ ಒಬ್ಬ ಗ್ಯಾಂಗ್‌ಮನ್ ಹೆಂಡತಿ ಮಕ್ಕಳನ್ನು ಕಳೆದುಕೊಂಡಿದ್ದನು. ಮೊದಲ ತಿಂಗಳು ಅವನನ್ನು ವಿಚಾರಿಸದವರೇ ಇರಲಿಲ್ಲ. ನಾವೂ ರಜೆ ಮಂಜೂರು ಮಾಡಿ, ಪರಿಹಾರದ ಕಾಗದಪತ್ರಗಳನ್ನು ಮುಗಿಸಿ, ಕರ್ತವ್ಯ ತೀರಿತೆಂದು ತಿಳಿದೆವು. ಅವನು ಕೆಲಸಕ್ಕೆ ಮರಳಿದನು, ದಿನವೂ ನಮಸ್ಕಾರ ಮಾಡುತ್ತಿದ್ದನು. ಮುಂದಿನ ವರ್ಷದ ದೀಪಾವಳಿಯ ಹೊತ್ತಿಗೆ ಅವನು ತನ್ನ ಸಂಗಡಿಗನ ಕೈಗೆ ಉಳಿತಾಯದ ಪುಸ್ತಕವನ್ನು ಕೊಟ್ಟು, "ನಾನೂ ಅವರೊಡನೆಯೇ ಹೋಗಬೇಕಾಗಿತ್ತು" ಎಂದನಂತೆ. ಹೆಚ್ಚು ಓದಿರದ ಆ ಸಂಗಡಿಗನು ಅಂದು ರಾತ್ರಿ ಅವನನ್ನು ಬಿಟ್ಟು ಹೋಗಲಿಲ್ಲ. ಬೆಳಗಾದೊಡನೆ ವೈದ್ಯರಲ್ಲಿಗೆ ಕರೆದೊಯ್ದನು. ಮುಂದೆ ಎಷ್ಟೋ ತಿಂಗಳು ಅವನೊಡನೆಯೇ ಊಟಮಾಡಿದನು. ಗ್ಯಾಂಗ್‌ಮನ್ ಬದುಕಿದನು, ಪೂರ್ಣ ಸೇವೆ ಸಲ್ಲಿಸಿ ನಿವೃತ್ತನಾದನು. ದಿನವೂ ಅವನನ್ನು ನೋಡುತ್ತಿದ್ದ ನಮಗೆ ಕಾಣದುದು ಆ ಸಂಗಡಿಗನಿಗೆ ಕಂಡಿತು.

ಒಂದು ಸಂದೇಹ

ಆಪತ್ತು ಬಂದೊಡನೆ ಆತ್ಮಹತ್ಯೆಗಳು ಹೆಚ್ಚುವುದು ನಿಶ್ಚಿತವಲ್ಲವೆ ಎಂದು ವಾಚಕರು ಕೇಳಬಹುದು. ವಿದ್ವಾಂಸರೂ ಒಮ್ಮೆ ಹಾಗೆಂದೇ ಬರೆದಿದ್ದರು. 1998ರಲ್ಲಿ ಅಮೆರಿಕದ ಒಂದು ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ, ಅಲ್ಲಿ ಪ್ರವಾಹಕ್ಕೆ ಒಳಗಾದ ಪ್ರದೇಶಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಶೇಕಡಾ 13.8ರಷ್ಟು ಏರಿತೆಂಬ ಲೇಖನ ಬಂದಿತು. ಆದರೆ ಒಂದು ವರ್ಷದ ಮರಣಗಳನ್ನು ಎರಡು ಸಲ ಎಣಿಸಲಾಗಿತ್ತೆಂಬುದು ಬಳಿಕ ತಿಳಿಯಿತು. ತಿದ್ದಿ ಲೆಕ್ಕ ಹಾಕಿದಾಗ ಗಣನೀಯವಾದ ಏರಿಕೆ ಉಳಿಯಲಿಲ್ಲ. 1999ರಲ್ಲಿ ಲೇಖಕರೇ ಅದನ್ನು ಹಿಂತೆಗೆದುಕೊಂಡರು. ಆದುದರಿಂದ ಆಪತ್ತಿನಿಂದ ನಿರಾಶೆಯೇ ಫಲವೆಂಬ ನಿಯಮವಿಲ್ಲ. ಬಹುಪಾಲು ಜನರು ಅತ್ತು, ನಿದ್ರೆಗೆಟ್ಟು, ಕಾಲಕ್ರಮದಲ್ಲಿ ಚೇತರಿಸಿಕೊಳ್ಳುತ್ತಾರೆ.

ಎರಡನೆಯ ವರ್ಷವೇ ಏಕೆ?

ಹಾಗಾದರೆ ಭಯವೆಲ್ಲಿ? ಆಪತ್ತಿನ ಮೊದಲ ದಿನಗಳಲ್ಲಿ ಎಲ್ಲರದೂ ಒಂದೇ ಗತಿಯಾಗಿರುತ್ತದೆ. ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ, ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ಕ್ರಮೇಣ ಸಹಾಯಕ್ಕೆ ಬಂದವರು ಹಿಂತಿರುಗುತ್ತಾರೆ. ಸಾಲ, ಕೆಲಸವಿಲ್ಲದಿರುವಿಕೆ, ಪರಿಹಾರಕ್ಕಾಗಿ ಅಲೆದಾಟ, ಕೆಲವರಲ್ಲಿ ಕುಡಿತ ಇವು ಆರಂಭವಾಗುತ್ತವೆ. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದ ಬಳಿಕ ಸಂತ್ರಸ್ತರನ್ನು ಎರಡು ಬಾರಿ ವಿಚಾರಿಸಲಾಯಿತು. ಐದರಿಂದ ಎಂಟು ತಿಂಗಳಲ್ಲಿ ಸಾಯುವ ಯೋಚನೆ ಬಂದಿತೆಂದವರು ಶೇಕಡಾ 2.8; ಇನ್ನೊಂದು ವರ್ಷ ಕಳೆದ ಮೇಲೆ ಶೇಕಡಾ 6.4. ಕಾಲವೇ ಮದ್ದೆಂದು ನಾವು ಸುಮ್ಮನಿರುವ ಅವಧಿಯಲ್ಲಿಯೇ ಇದು ಇಮ್ಮಡಿಗಿಂತ ಹೆಚ್ಚಾಯಿತು.

ಜಪಾನಿನ ಪಾಠ

1995ರ ಜನವರಿ 17ರಂದು ಕೋಬೆ ನಗರದ ಸೀಮೆಯಲ್ಲಿ ಭೂಕಂಪವಾಗಿ 6,434 ಜನರು ಮೃತರಾದರು. ಉಳಿದವರಿಗೆ ತಾತ್ಕಾಲಿಕ ಮನೆಗಳನ್ನು ಚೀಟಿ ಎತ್ತಿ ಹಂಚಲಾಯಿತು; ವೃದ್ಧರಿಗೂ ಅಶಕ್ತರಿಗೂ ಆದ್ಯತೆ ದೊರೆಯಿತು. ಉದ್ದೇಶ ಸಾಧುವಾದುದು. ಆದರೆ ಬಾಳೆಲ್ಲ ಒಂದೇ ಓಣಿಯಲ್ಲಿ ಕಳೆದವರು ಅಪರಿಚಿತರ ನಡುವೆ ಒಬ್ಬೊಬ್ಬರಾಗಿ ಚದುರಿಹೋದರು. ಮುಂದಿನ ಐದು ವರ್ಷಗಳಲ್ಲಿ ಆ ಮನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಯಾರ ಗಮನಕ್ಕೂ ಬಾರದೆ ಒಂಟಿಯಾಗಿ ಸತ್ತರು. ಇದನ್ನು ಅಲ್ಲಿಯವರು 'ಕೋದೊಕುಶಿ', ಏಕಾಂಗಿ ಮರಣ, ಎನ್ನುತ್ತಾರೆ. ಇವುಗಳಲ್ಲಿ ಅನೇಕವು ರೋಗದಿಂದ, ಕುಡಿತದಿಂದ ಆದವು, ಎಲ್ಲವೂ ಆತ್ಮಹತ್ಯೆಗಳಲ್ಲ. ಆದರೂ ಮೂಲದಲ್ಲಿದ್ದುದು ಒಂಟಿತನವೇ. ಈ ಪಾಠ ಕಲಿತು, 2004ರ ನೀಗಾತಾ ಭೂಕಂಪದ ಬಳಿಕ ಒಂದು ಹಳ್ಳಿಯವರನ್ನು ಒಟ್ಟಿಗೇ ಇರಿಸಲು ಯತ್ನಿಸಿದರು.

ನಮ್ಮ ಕರ್ತವ್ಯ

ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲೆಸಿದ ನಮಗೆ ಇದು ದೂರದ ಮಾತಲ್ಲ. 2020 ಮತ್ತು 2021ರ ಮಹಾಮಾರಿಯಲ್ಲಿ ಎಷ್ಟೋ ಮನೆಗಳವರು ತಮ್ಮವರ ಮುಖವನ್ನೂ ನೋಡದೆ ಬೀಳ್ಕೊಟ್ಟರು. ಬಂಧುಗಳು ಬಾಗಿಲಿಗೂ ಬರಲಾಗಲಿಲ್ಲ. ಅಂಥವರ ಮನೆಗೆ ಇಂದು ಹೋದರೂ ತಡವಾಯಿತೆನ್ನುವಂತಿಲ್ಲ.

ಎಲ್ಲವೂ ಕರ್ಮಫಲ ಎಂಬ ಮಾತು ನಮಗೆ ನಾವೇ ಹೇಳಿಕೊಳ್ಳತಕ್ಕದ್ದು. ದುಃಖಿತನ ಮನೆಯಲ್ಲಿ ಹೇಳತಕ್ಕದ್ದಲ್ಲ. ಅಲ್ಲಿ ಹೇಳುವುದಕ್ಕಿಂತ ಕೇಳುವುದು ಹೆಚ್ಚಿರಲಿ. ಒಬ್ಬರು ನಿದ್ರೆ ಆಹಾರ ಬಿಟ್ಟು, ತಮ್ಮ ವಸ್ತುಗಳನ್ನು ಹಂಚಿ, ತಾನು ಇತರರಿಗೆ ಭಾರವೆನ್ನುತ್ತಿದ್ದರೆ, "ಸಾಯುವ ಯೋಚನೆ ಬರುತ್ತಿದೆಯೆ?" ಎಂದು ನೇರವಾಗಿ, ಪ್ರೀತಿಯಿಂದ ಕೇಳಬೇಕು. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟದು. ಇದ್ದುದು ಹೊರಬಂದು ಭಾರ ಇಳಿಯುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಇದರಲ್ಲಿ ಲಜ್ಜೆ ಬೇಡ. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನನ್ನು ತೀವ್ರ ಮನೋವೇದನೆಗೆ ಒಳಗಾದವನೆಂದು ಭಾವಿಸಿ ಆರೈಕೆ ನೀಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೇ ಹೇಳುತ್ತದೆ.

ಕಡೆಯದಾಗಿ ಒಂದು ವಿಜ್ಞಾಪನೆ. ಮನೆಯ ಪಂಚಾಂಗದಲ್ಲಿ ನಮ್ಮ ಹಿರಿಯರ ತಿಥಿಗಳನ್ನು ಗುರುತಿಸಿಡುವಂತೆ, ಆಪತ್ತಿಗೆ ಸಿಲುಕಿದ ನೆರೆಯವರ ಆ ದಿನವನ್ನೂ ಗುರುತಿಸಿಡೋಣ. ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ, ಎರಡನೆಯ ವರ್ಷವೂ ತಪ್ಪದೆ ಅವರ ಬಾಗಿಲಿಗೆ ಹೋಗೋಣ. ಆ ಸಂಗಡಿಗನು ಮಾಡಿದಂತೆ ಒಂದು ಹೊತ್ತು ಅವರೊಡನೆ ಕುಳಿತು ಊಟಮಾಡೋಣ. ಆಶ್ವಾಸನವೆಂದರೆ ಇದೇ.