ಚಿಕ್ಕ ಉಗಿಯಂತ್ರ: ಕಟ್ಟುವುದು, ಪಳಗಿಸುವುದು



ಕಳೆದ ಹಂಗಾಮಿಗೆ ಮುಂಚೆ ಕಬ್ಬಿನ ನೋಂದಣಿಗೆಂದು ಒಂದು ಹಳ್ಳಿಗೆ ಹೋಗಿದ್ದಾಗ ಒಬ್ಬ ಸಭಾಸದರ ಮಗ, ಹೈಸ್ಕೂಲು ವಿದ್ಯಾರ್ಥಿ, ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಾಡಿದ್ದ ಚಿಕ್ಕ ಉಗಿಯಂತ್ರವನ್ನು ತಂದು ತೋರಿಸಿದ. ಯಂತ್ರ ಅಚ್ಚುಕಟ್ಟಾಗಿತ್ತು. ಆದರೆ ಬಾಯ್ಲರ್ ಎಂದು ಜೋಡಿಸಿದ್ದು ಎಣ್ಣೆಯ ತಗಡಿನ ಡಬ್ಬಿ! ಅದರ ಬಾಯಿಗೆ ಬೆಸುಗೆ ಹಾಕಿ ಮುಚ್ಚಿದ್ದ. ಸುರಕ್ಷಾ ಕವಾಟ ಇರಲಿಲ್ಲ. ಸ್ಟೋವ್ ಹಚ್ಚುವುದೊಂದೇ ಬಾಕಿ. ನಾನು ತಡೆದೆ. ಹುಡುಗನ ಮುಖ ಬಾಡಿತು. "ಹಂಗಾದ್ರ ಇದನ್ನ ಓಡಸೂದು ಹ್ಯಾಂಗ್ರಿ ಸಾಹೇಬ್ರ?" ಎಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಾದರಿ ಯಂತ್ರವೆಂದರೆ ಬರೀ ಆಟಿಕೆ ಎಂದು ತಿಳಿಯಬಾರದು. 1763ರ ಸುಮಾರಿಗೆ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ ನ್ಯೂಕಮೆನ್ ಯಂತ್ರದ ಚಿಕ್ಕ ಮಾದರಿಯೊಂದು ಜೇಮ್ಸ್ ವಾಟನ ಕೈಗೆ ದುರಸ್ತಿಗಾಗಿ ಬಂತು. ಅದು ಕೆಲವೇ ಹೊಡೆತ ಹೊಡೆದು ನಿಲ್ಲುತ್ತಿತ್ತು. ಪ್ರತಿ ಸಲವೂ ಸಿಲಿಂಡರಿನೊಳಗೇ ತಣ್ಣೀರು ಚಿಮುಕಿಸುತ್ತಿದ್ದುದರಿಂದ, ಬಂದ ಉಗಿಯ ಬಹುಪಾಲು ತಣ್ಣಗಾದ ಲೋಹವನ್ನು ಮತ್ತೆ ಕಾಯಿಸುವುದಕ್ಕೇ ಖರ್ಚಾಗುತ್ತಿತ್ತು. ಇದರ ಕಾರಣವನ್ನು ಹುಡುಕುತ್ತ ಹೋದ ವಾಟನಿಗೆ 1765ರಲ್ಲಿ ಪ್ರತ್ಯೇಕ ಕಂಡೆನ್ಸರಿನ ಉಪಾಯ ಹೊಳೆಯಿತು. ಚಿಕ್ಕ ಯಂತ್ರದಲ್ಲಿ ಉಗಿಗೆ ಹೋಲಿಸಿದರೆ ಲೋಹದ ಮೈ ಹೆಚ್ಚು, ಬೇಗ ತಣಿಯುತ್ತದೆ. ಈ ದೋಷ ಇಂದಿನ ಮಾದರಿಗಳಿಗೂ ತಪ್ಪಿದ್ದಲ್ಲ.

ಹೊಸಬರಿಗೆ ಎಲ್ಲಕ್ಕಿಂತ ಸುಲಭವಾದದ್ದು ತೂಗಾಡುವ ಸಿಲಿಂಡರಿನ ಯಂತ್ರ. ಇದಕ್ಕೆ ಬೇರೆ ಕವಾಟ ಬೇಡ. ಸಿಲಿಂಡರು ಒಂದು ಮೊಳೆಯ ಮೇಲೆ ತೂಗಾಡುತ್ತದೆ. ಅದರ ಬೆನ್ನಿನ ರಂಧ್ರ ಹಿಂದಿನ ನಿಂತ ಫಲಕದ ಎರಡು ರಂಧ್ರಗಳಿಗೆ ಸರದಿಯಂತೆ ಎದುರಾಗುತ್ತದೆ. ಒಂದರಿಂದ ಉಗಿ ಒಳಗೆ, ಇನ್ನೊಂದರಿಂದ ಹೊರಗೆ. ಸಿಲಿಂಡರಿಗೆ 12 ಮಿ.ಮೀ. ಒಳಅಳತೆಯ ಹಿತ್ತಾಳೆ ಕೊಳವೆ ಸಾಕು. 20 ಮಿ.ಮೀ. ಓಟ ಬೇಕಾದರೆ ಕ್ರ್ಯಾಂಕಿನ ಮೊಳೆ ಅಚ್ಚಿನ ಮಧ್ಯದಿಂದ 10 ಮಿ.ಮೀ. ದೂರದಲ್ಲಿರಬೇಕು. ತೂಗುಮೊಳೆಯಿಂದ ಅಚ್ಚಿಗೆ 40 ಮಿ.ಮೀ. ಇಟ್ಟು, ಸಿಲಿಂಡರಿನ ರಂಧ್ರವನ್ನು ತೂಗುಮೊಳೆಯಿಂದ ಮೇಲಕ್ಕೆ 12 ಮಿ.ಮೀ. ಇಟ್ಟರೆ ಅದು ಎಡಕ್ಕೂ ಬಲಕ್ಕೂ ಮೂರು ಮಿ.ಮೀ. ಸರಿಯುತ್ತದೆ. ಫಲಕದ ರಂಧ್ರಗಳನ್ನು ಅಲ್ಲಿಯೇ, 2 ಮಿ.ಮೀ. ಅಗಲ ಕೊರೆಯಬೇಕು. ಸಿಲಿಂಡರು ನೆಟ್ಟಗೆ ನಿಂತಾಗ ಎರಡೂ ಮುಚ್ಚಿರತಕ್ಕದ್ದು. ಇಲ್ಲಿ ತಪ್ಪಿದರೆ ಯಂತ್ರ ಬುಸುಗುಟ್ಟುತ್ತದೆಯೇ ಹೊರತು ತಿರುಗುವುದಿಲ್ಲ. ಒಂದಕ್ಕೊಂದು ತಾಗುವ ಎರಡೂ ಮುಖಗಳನ್ನು, ಗಾಜಿನ ಮೇಲೆ ನಯವಾದ ಪಾಲೀಶ್ ಕಾಗದ ಹಾಸಿ, ಸಮನಾಗಿ ಉಜ್ಜಬೇಕು. ಲೇತಿನ ಕೆಲಸವನ್ನು ಪೇಟೆಯ ವರ್ಕ್‌ಶಾಪಿನಲ್ಲಿ ಮಾಡಿಸಿಕೊಂಡರೆ ನಾಚಿಕೆಯೇನಿಲ್ಲ.

ಇನ್ನು ಪಳಗಿಸುವುದು. ಹೊಸ ಹೋರಿಗೆ ಮೊದಲ ದಿನವೇ ಗಾಡಿ ತುಂಬ ಕಬ್ಬು ಹೇರುತ್ತೇವೆಯೆ? ಹೊಸ ಯಂತ್ರದ ಪಿಸ್ಟನ್ನು, ಬೇರಿಂಗು ಬಿಗಿಯಾಗಿರುತ್ತವೆ. ಕಣ್ಣಿಗೆ ಕಾಣದ ಉಬ್ಬುತಗ್ಗು ಸವೆದು ಹೊಂದಿಕೊಳ್ಳಬೇಕು. ಮೊದಲು ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆಯಿರಿ. ಉಜ್ಜಿದ ಪುಡಿ ಚೂರು ಉಳಿದರೂ ಸವೆತ ನಿಲ್ಲುವುದೇ ಇಲ್ಲ. ಎಣ್ಣೆ ಬಿಟ್ಟು ಕೈಯಿಂದ ತಿರುಗಿಸಿ, ಎಲ್ಲಿ ಹಿಡಿಯುತ್ತದೆ ನೋಡಿ. ನಂತರ ಉಗಿಯಲ್ಲ, ಗಾಳಿ. ಗಾಳಿ ಒತ್ತಿ ಔಷಧಿ ಸಿಂಪಡಿಸುವ ಪಂಪು ಅನೇಕರ ಮನೆಯಲ್ಲಿದೆ. ಅದನ್ನು ಸೋಪು ನೀರಿನಿಂದ ಹಲವು ಸಲ ತೊಳೆದು, ಬರಿದು ಮಾಡಿ, ಗಾಳಿ ತುಂಬಿ, ಅದರ ನಳಿಗೆಯನ್ನು ಯಂತ್ರಕ್ಕೆ ಜೋಡಿಸಿ ಸ್ವಲ್ಪಸ್ವಲ್ಪವೇ ಬಿಡಬೇಕು. ಐದು ನಿಮಿಷ ನಿಧಾನವಾಗಿ ಓಡಿಸಿ, ನಿಲ್ಲಿಸಿ, ಕಪ್ಪಾದ ಎಣ್ಣೆಯನ್ನು ಒರೆಸಿ, ಹೊಸದನ್ನು ಬಿಟ್ಟು ಮತ್ತೆ ಓಡಿಸಿ. ಎಣ್ಣೆ ಕಪ್ಪಾಗುವುದು ಕಡಿಮೆಯಾಗುತ್ತ ಬಂದು, ಬೆರಳಿನಿಂದ ನೂಕಿದ ಫ್ಲೈವ್ಹೀಲ್ ಹಲವು ಸುತ್ತು ತಾನಾಗಿ ತಿರುಗಿದರೆ ಯಂತ್ರ ಪಳಗಿತು. ಅವಸರಪಟ್ಟವರ ಪಿಸ್ಟನ್ನಿಗೆ ಗೀರು ಬೀಳುತ್ತದೆ. ಆಮೇಲೆ ಅದು ಉಗಿ ಹಿಡಿಯುವುದಿಲ್ಲ.

ಬಾಯ್ಲರಿನ ವಿಷಯದಲ್ಲಿ ನನ್ನ ಮಾತು ಕಠಿಣವೆನಿಸಬಹುದು. ಅನುಭವಿಗಳ ಮೇಲ್ವಿಚಾರಣೆ ಇಲ್ಲದೆ ಮನೆಯಲ್ಲಿ ಬಾಯ್ಲರ್ ಮಾಡಲೇಬೇಡಿ. ಒಂದು ಕಿಲೋ ಒತ್ತಡದಲ್ಲಿ ಒಳಗಿನ ನೀರು 120 ಡಿಗ್ರಿ ಸೆಂಟಿಗ್ರೇಡ್ ಕಾದಿರುತ್ತದೆ. ಡಬ್ಬಿ ಬಿಚ್ಚಿಕೊಂಡರೆ ಆ ನೀರಿನ ಒಂದು ಭಾಗ ಕ್ಷಣದಲ್ಲಿ ಉಗಿಯಾಗುತ್ತದೆ, ಮತ್ತು ಒಂದು ಲೀಟರ್ ನೀರೆಂದರೆ ಸುಮಾರು 1,600 ಲೀಟರ್ ಉಗಿ. ತವರ-ಸೀಸದ ಬೆಸುಗೆ 183 ಡಿಗ್ರಿಗೆ ಕರಗತೊಡಗುತ್ತದೆ; ನೀರು ತೀರಿದ ಡಬ್ಬಿ ಆ ಶಾಖವನ್ನು ಬೇಗನೆ ಮುಟ್ಟುತ್ತದೆ. ಸರಿಯಾದ ಮಾದರಿ ಬಾಯ್ಲರನ್ನು ತಾಮ್ರದಿಂದ ಮಾಡಿ, ಬೆಳ್ಳಿಯ ಬೆಸುಗೆ ಹಾಕಿ, ಸುರಕ್ಷಾ ಕವಾಟ ಕೂರಿಸಿ, ಓಡಿಸುವ ಒತ್ತಡದ ಇಮ್ಮಡಿಗೆ ತಣ್ಣೀರಿನಿಂದ ಪರೀಕ್ಷಿಸಿರುತ್ತಾರೆ. ಪರೀಕ್ಷೆಗೆ ಗಾಳಿ ಸಲ್ಲದು. ಒಡೆದರೆ ನೀರು ಸೋರುತ್ತದೆ, ಗಾಳಿ ಸಿಡಿಯುತ್ತದೆ.

ಅಂಥ ಬಾಯ್ಲರಿನಿಂದ ಉಗಿ ಬಿಟ್ಟಾಗಲೂ ಮೊದಲು ಯಂತ್ರ ಬಿಸಿನೀರು ಉಗುಳುತ್ತದೆ. ತಣ್ಣನೆಯ ಸಿಲಿಂಡರಿಗೆ ತಾಗಿದ ಉಗಿಯೇ ಅದು. ನೀರನ್ನು ಅಮುಕಲಾಗದು, ಆದ್ದರಿಂದ ಸಿಲಿಂಡರು ಕಾಯುವವರೆಗೆ ಕೈಯಿಂದ ತಿರುಗಿಸುತ್ತಿರಬೇಕು. ಬಾಯ್ಲರ್ ಅಗ್ನಿಪ್ರದೀಪನವಾಗಿ ಇಷ್ಟು ದಿನವಾದರೂ ಗಾಣ ಏಕೆ ಸುರುವಾಗಲಿಲ್ಲ ಎಂದು ಪ್ರತಿ ವರ್ಷ ಸಭಾಸದರು ನನ್ನನ್ನು ಕೇಳುತ್ತಾರೆ. ಕಬ್ಬು ಹೊಲದಲ್ಲಿ ನಿಂತಿರುವಾಗ ಕೇಳುವುದು ನ್ಯಾಯವೇ. ಅಲ್ಲಿಯೂ ಇದೇ ಕಾರಣವುಂಟು: ದೊಡ್ಡ ಬಾಯ್ಲರನ್ನು ಮೆಲ್ಲಗೆ ಕಾಯಿಸಿ, ಉಗಿಕೊಳವೆಯ ನೀರನ್ನು ಹೊರಬಿಟ್ಟ ಮೇಲೆಯೇ ಟರ್ಬೈನಿಗೆ ಉಗಿ ಕೊಡುತ್ತಾರೆ.

ಆ ಹುಡುಗನ ಯಂತ್ರ ಪ್ರದರ್ಶನದಲ್ಲಿ ಸಿಂಪರಣೆ ಪಂಪಿನ ಗಾಳಿಯಿಂದ ಓಡಿತು. ರಂಧ್ರಗಳ ಅಳತೆಯ ನಕ್ಷೆ ಬೇಕಾದ ಸಭಾಸದರು ವಿಭಾಗ ಕಚೇರಿಯಲ್ಲಿ ಕೇಳಿ ಪಡೆಯಬಹುದು.