ಪಂಕ್ಚರ್ ಅಂಗಡಿಯ ಗಾಳಿ ನೀರಿನಡಿ ಉಸಿರಾದೀತೇ?

ಮಕ್ಕಳೇ, ಹೋದ ವರ್ಷ ಸಾಲಗಾಮೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನಕ್ಕೆ ತಯಾರಿ ನಡೆದಿತ್ತು. ಏಳನೇ ತರಗತಿಯ ಹುಡುಗನೊಬ್ಬ ಹಾಳೆಯಲ್ಲಿ ಒಂದು ಚಿತ್ರ ಬರೆದುಕೊಂಡು ಬಂದ. ಒಂದು ಬಾವಿ, ಅದರ ತಳದಲ್ಲಿ ಒಬ್ಬ ಮನುಷ್ಯ, ಅವನ ಬಾಯಲ್ಲಿ ಉದ್ದನೆಯ ಪೈಪು. ಪೈಪಿನ ಇನ್ನೊಂದು ತುದಿ ದಡದ ಮೇಲಿನ ಒಂದು ಯಂತ್ರಕ್ಕೆ ಸೇರಿತ್ತು.

“ಇದೇನಪ್ಪಾ?” ಎಂದೆ.

“ಸಾರ್, ನಮ್ಮ ಬಾವೀಲಿ ಮೋಟ್ರು ಬಿದ್ದೋಗಿದೆ. ಕೊಡ ಆಗಿದ್ರೆ ಪಾತಾಳಗರಡಿ ಹಾಕಿ ಎತ್ತಬೋದಿತ್ತು. ಪಂಕ್ಚರ್ ಅಂಗಡಿ ಅಣ್ಣ ಹಳೇ ಕಂಪ್ರೆಸರ್ ಮಾರ್ತಾವ್ರೆ. ಅದಕ್ಕೆ ಪೈಪ್ ಹಾಕ್ಕಂಡು ನಾನೇ ಇಳಿದು ಹಗ್ಗ ಕಟ್ಟಿ ಬರ್ತೀನಿ.”

ಖಂಡಿತ ಬೇಡ ಎಂದೆ. ಅವನು ಅಷ್ಟಕ್ಕೆ ಬಿಡಲಿಲ್ಲ. “ಯಾಕ್ ಸಾರ್? ಗಾಳಿ ಗಾಳಿಯೇ ಅಲ್ವಾ?” ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಉತ್ತರ ಹೇಳಲು ಒಂದು ಗಂಟೆ ಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬರೀ ಪೈಪು ಸಾಕಲ್ಲವೇ?

ಮೊದಲು ಕಂಪ್ರೆಸರನ್ನು ಬಿಟ್ಟುಬಿಡೋಣ. ಪೈಪಿನ ಒಂದು ತುದಿ ನೀರಿನ ಮೇಲೆ, ಇನ್ನೊಂದು ತುದಿ ಬಾಯಲ್ಲಿ. ಇಷ್ಟಿದ್ದರೆ ಉಸಿರಾಡಬಹುದಲ್ಲ? ಸಿನಿಮಾಗಳಲ್ಲಿ ವೀರರು ಜೊಂಡಿನ ಕೊಳವೆ ಹಿಡಿದು ಕೆರೆಯೊಳಗೆ ಅಡಗಿ ಕೂರುವುದನ್ನು ನೀವು ನೋಡಿರುತ್ತೀರಿ.

ಒಂದು ಲೆಕ್ಕ ಮಾಡಿ. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಒಂದು ಮೀಟರ್ ಎತ್ತರದ ನೀರು ನಿಂತಿದೆ ಎಂದುಕೊಳ್ಳಿ. ಆ ನೀರಿನ ತೂಕ 100 ಗ್ರಾಂ. ನಿಮ್ಮ ಎದೆ 20 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ ಇದ್ದರೆ ಒಟ್ಟು 400 ಚದರ ಸೆಂ.ಮೀ. ಆಯಿತು. ಒಂದು ಮೀಟರ್ ಆಳದಲ್ಲಿ ನೀರು ಅದನ್ನು 40 ಕಿಲೋಗ್ರಾಂ ಭಾರದಷ್ಟು ಒತ್ತುತ್ತದೆ. ಒಂದು ಸಿಮೆಂಟ್ ಚೀಲ 50 ಕಿಲೋ. ಹೆಚ್ಚುಕಡಿಮೆ ಅಂಥ ಒಂದು ಚೀಲವನ್ನು ಎದೆಯ ಮೇಲೆ ಇಟ್ಟುಕೊಂಡು ಉಸಿರೆಳೆಯಿರಿ ಎಂದ ಹಾಗಾಯಿತು!

ನೆಲದ ಮೇಲೆಯೂ ಗಾಳಿ ನಮ್ಮನ್ನು ಒತ್ತುತ್ತಲೇ ಇರುತ್ತದೆ. ಆದರೆ ಶ್ವಾಸಕೋಶದೊಳಗಿನ ಗಾಳಿಯೂ ಅಷ್ಟೇ ಒತ್ತಡದಿಂದ ಹೊರಕ್ಕೆ ಒತ್ತುವುದರಿಂದ ನಮಗೆ ಅದು ತಿಳಿಯುವುದಿಲ್ಲ. ಪೈಪು ಕಚ್ಚಿಕೊಂಡು ಮುಳುಗಿದವನ ಶ್ವಾಸಕೋಶದೊಳಗೆ ಇರುವುದು ಮೇಲಿನ ಗಾಳಿಯ ಒತ್ತಡ ಮಾತ್ರ. ಹೊರಗಿನಿಂದ ಅದರ ಜೊತೆಗೆ ನೀರಿನ ಒತ್ತಡವೂ ಸೇರಿ ಅದುಮುತ್ತದೆ.

ಇನ್ನೊಂದು ತೊಂದರೆಯೂ ಇದೆ. ಎರಡು ಸೆಂ.ಮೀ. ವ್ಯಾಸದ ಒಂದು ಮೀಟರ್ ಪೈಪಿನಲ್ಲಿ ಸುಮಾರು 300 ಮಿ.ಲೀ. ಗಾಳಿ ಹಿಡಿಯುತ್ತದೆ. ಸುಮ್ಮನೆ ಕುಳಿತಾಗ ನೀವು ಒಂದು ಸಲ ಒಳಗೆಳೆಯುವ ಉಸಿರೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ನೀವು ಬಿಟ್ಟ ಉಸಿರು ಪೈಪಿನಲ್ಲೇ ನಿಂತಿದ್ದು, ಅದನ್ನೇ ಮತ್ತೆ ಒಳಗೆಳೆದುಕೊಳ್ಳುತ್ತೀರಿ.

ಮಾಡಿ ನೋಡಿ: ಗಾರೆ ಕೆಲಸದವರು ಮಟ್ಟ ನೋಡುವ ಲೆವೆಲ್ ಪೈಪಿನ ಒಂದು ತುಂಡನ್ನು ಚೆನ್ನಾಗಿ ತೊಳೆದುಕೊಳ್ಳಿ. ನೀವು ಹೊರಗೇ ನಿಂತು, ಪೈಪಿನ ತುದಿಯನ್ನು ಮಾತ್ರ ನೀರಿನ ಡ್ರಮ್ಮಿನೊಳಗೆ ಬಿಟ್ಟು ಊದಿ. ತುದಿ ಒಂದು ಗೇಣು ಆಳದಲ್ಲಿದ್ದಾಗ ಗುಳ್ಳೆ ಸುಲಭವಾಗಿ ಬರುತ್ತದೆ. ತಳ ಮುಟ್ಟಿಸಿದಾಗ ಏನಾಗುತ್ತದೆ ನೋಡಿ. ದೊಡ್ಡವರೊಬ್ಬರು ಜೊತೆಯಲ್ಲಿರಲಿ. ಊದಿ ಮಾತ್ರ, ಎಳೆಯಬೇಡಿ.

ಗಾಳಿಯನ್ನು ಒತ್ತಿ ಕಳಿಸಿದರೆ?

ನೀರು ಎಷ್ಟು ಒತ್ತುತ್ತದೆಯೋ ಅಷ್ಟೇ ಒತ್ತಡದ ಗಾಳಿಯನ್ನು ಕೆಳಗೆ ಕಳಿಸಿದರೆ ಎದೆಯ ಮೇಲಿನ ಭಾರ ಇಳಿಯುತ್ತದೆ. 1830ರ ದಶಕದಲ್ಲಿ ಲಂಡನ್ನಿನ ಆಗಸ್ಟಸ್ ಸೀಬೆ ಮಾಡಿದ್ದು ಇದನ್ನೇ. ಮುಳುಗುವವನ ತಲೆಗೆ ಲೋಹದ ಶಿರಸ್ತ್ರಾಣ, ದೋಣಿಯಲ್ಲಿ ಕೈಪಂಪು. ಮೇಲಿನವರು ಪಂಪು ಹೊಡೆಯುತ್ತಲೇ ಇರಬೇಕು! 1943ರಲ್ಲಿ ಫ್ರಾನ್ಸಿನ ಝಾಕ್ ಕುಸ್ತೊ ಮತ್ತು ಎಮಿಲ್ ಗಗ್ನಾನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಕಾರುಗಳು ಅನಿಲದಿಂದ ಓಡುತ್ತಿದ್ದವು. ಅಂಥ ಕಾರಿಗೆಂದು ಗಗ್ನಾನ್ ಮಾಡಿದ್ದ ಕವಾಟವನ್ನೇ ಬದಲಾಯಿಸಿ, ಉಸಿರೆಳೆದಾಗ ಮಾತ್ರ ಬೇಕಾದಷ್ಟೇ ಒತ್ತಡದ ಗಾಳಿ ಕೊಡುವ ಸಾಧನ ಮಾಡಿದರು. ಹಳೆಯ ವಸ್ತುವಿನಿಂದ ಹೊಸದನ್ನು ಮಾಡುವುದು ತಪ್ಪಲ್ಲ ನೋಡಿ. ಹುಡುಗ ಯೋಚಿಸಿದ ದಾರಿ ಕುಸ್ತೊ ನಡೆದ ದಾರಿಯೇ.

ಈಗ ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಹತ್ತಿರ ಹೋಗಿ ನೋಡಿ (ಕೇಳಿ ನೋಡಿ, ಮುಟ್ಟಬೇಡಿ). ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಆಡುತ್ತಾ ಗಾಳಿಯನ್ನು ಟ್ಯಾಂಕಿಗೆ ತುಂಬುತ್ತದೆ. ಪಿಸ್ಟನ್ ಸವೆಯದಿರಲಿ ಎಂದು ಆಯಿಲ್ ಹಾಕಿರುತ್ತಾರೆ. ಬಿಸಿಗೆ ಆ ಆಯಿಲ್ ಆವಿಯಾಗಿ ಗಾಳಿಯ ಜೊತೆ ಹೋಗುತ್ತದೆ. ಟೈರಿಗೆ ಅದರಿಂದ ನಷ್ಟವೇನಿಲ್ಲ, ಶ್ವಾಸಕೋಶಕ್ಕೆ ಅದು ವಿಷ. ಟ್ಯಾಂಕಿನ ತಳದಲ್ಲಿ ನೀರು, ತುಕ್ಕು ಬೇರೆ. ಯಂತ್ರ ಡೀಸೆಲಿನಿಂದಲೋ ಪೆಟ್ರೋಲಿನಿಂದಲೋ ಓಡುವುದಾದರೆ ಅದು ಬಿಟ್ಟ ಹೊಗೆಯನ್ನು ಅದೇ ಒಳಗೆಳೆದುಕೊಳ್ಳಬಹುದು. ಆ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗದಲ್ಲಿ ಕುಳಿತುಬಿಡುತ್ತದೆ. ಉಸಿರಾಡುತ್ತಿರುವವನಿಗೆ ಏನೂ ತಿಳಿಯದೆಯೇ ಪ್ರಜ್ಞೆ ತಪ್ಪುತ್ತದೆ. ನೆಲದ ಮೇಲಾದರೆ ಯಾರಾದರೂ ಹೊರಗೆ ಎಳೆದಾರು. ಬಾವಿಯ ತಳದಲ್ಲಿ?

ಪೈಪು ಮಡಚಿಕೊಂಡರೆ, ಕಿತ್ತುಬಂದರೆ ಅಲ್ಲಿಗೆ ಗಾಳಿ ನಿಂತಿತು. ನಮ್ಮ ಕಡೆಯ ಕರೆಂಟಿನ ವಿಷಯ ನಾನು ಹೇಳಬೇಕಾಗಿಲ್ಲ.

ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸಮುದ್ರದಲ್ಲಿ ಮುಳುಗುವವರ ಬೆನ್ನಿನ ಮೇಲೆ ಸಿಲಿಂಡರ್ ಇರುತ್ತದೆ. ಅದರಲ್ಲಿ ಆಮ್ಲಜನಕ ತುಂಬಿರುತ್ತದೆ ಎಂದು ಹಲವರು ತಿಳಿದಿದ್ದಾರೆ. ಸಾಮಾನ್ಯವಾಗಿ ಅದರಲ್ಲಿರುವುದು ಗಾಳಿಯೇ. ವಾತಾವರಣದ ಸುಮಾರು 200 ಪಟ್ಟು ಒತ್ತಡಕ್ಕೆ ಅದುಮಿ ತುಂಬಿದ ಗಾಳಿ. ಆದರೆ ಅದನ್ನು ತುಂಬುವ ಕಂಪ್ರೆಸರನ್ನು ಉಸಿರಾಟಕ್ಕೆಂದೇ ಮಾಡಿರುತ್ತಾರೆ. ಆಯಿಲ್, ತೇವ ಎಲ್ಲವನ್ನೂ ಶೋಧಿಸಿಯೇ ಗಾಳಿ ಒಳಗೆ ಹೋಗುತ್ತದೆ.

ಮೇಲೆ ಬರುವಾಗ

“ಗಾಳಿ ಶೋಧಿಸಿಬಿಟ್ರೆ ಸರಿಹೋಯ್ತಲ್ಲ ಸಾರ್?” ಹುಡುಗ ಬಿಡುವವನಲ್ಲ. ಆಗ ನಾನು ಇಂಕ್ ಫಿಲ್ಲರ್ ತರಿಸಿದೆ.

ನೀವೂ ಮಾಡಿ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತುಂಬ ನೀರು ತುಂಬಿ. ಪಾರದರ್ಶಕ ಫಿಲ್ಲರಿಗೆ ಸ್ವಲ್ಪ ನೀರು ಎಳೆದು, ಅದು ಇನ್ನೇನು ಮುಳುಗುತ್ತದೆ ಎನ್ನುವಂತೆ ತೇಲುವ ಹಾಗೆ ಮಾಡಿ ಬಾಟಲಿಗೆ ಬಿಡಿ. ಮುಚ್ಚಳ ಬಿಗಿ ಮಾಡಿ ಬಾಟಲಿಯನ್ನು ಹಿಸುಕಿ. ಫಿಲ್ಲರಿನೊಳಗೆ ನೀರು ಏರುತ್ತದೆ, ಗಾಳಿ ಕುಗ್ಗುತ್ತದೆ, ಫಿಲ್ಲರ್ ಮುಳುಗುತ್ತದೆ. ಕೈ ಸಡಿಲಿಸಿ. ಗಾಳಿ ಹಿಗ್ಗಿ ಫಿಲ್ಲರ್ ಮೇಲೇರುತ್ತದೆ. ಒತ್ತಡ ಎರಡರಷ್ಟಾದರೆ ಗಾಳಿಯ ಗಾತ್ರ ಅರ್ಧವಾಗುತ್ತದೆ ಎಂದು ರಾಬರ್ಟ್ ಬಾಯ್ಲ್ 1662ರಲ್ಲೇ ತೋರಿಸಿದ್ದ. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಒತ್ತಡ ಸುಮಾರು ಎರಡರಷ್ಟಾಗುತ್ತದೆ.

ನೀವು ಮೇಲೆಯೇ ಉಸಿರು ತುಂಬಿಕೊಂಡು ಮುಳುಗಿದರೆ ಎದೆಯ ಗಾಳಿ ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಆದರೆ ಹತ್ತು ಮೀಟರ್ ಆಳದಲ್ಲಿ ಪೈಪಿನಿಂದ ಎದೆ ತುಂಬ ಗಾಳಿ ಎಳೆದುಕೊಂಡವನು ಹೆದರಿ ಉಸಿರು ಬಿಗಿಹಿಡಿದು ಮೇಲೆ ಬಂದರೆ? ಆ ಗಾಳಿ ಎರಡರಷ್ಟು ಹಿಗ್ಗುತ್ತದೆ. ಶ್ವಾಸಕೋಶ ಹಿಗ್ಗಲಾರದೆ ಹರಿಯುತ್ತದೆ. ಒಂದೂವರೆ ಮೀಟರಿನಷ್ಟು ಕಡಿಮೆ ಆಳದಿಂದ ಹೀಗೆ ಬಂದರೂ ಅಪಾಯ ತಪ್ಪಿದ್ದಲ್ಲ. ಮುಳುಗುವವರಿಗೆ ಕಲಿಸುವ ಮೊದಲ ಪಾಠವೇ ಉಸಿರು ಹಿಡಿಯಬೇಡ ಎಂಬುದು.

ಆಳದಲ್ಲಿ ಬಹಳ ಹೊತ್ತು ಇದ್ದವರಿಗೆ ಇನ್ನೊಂದು ತೊಂದರೆ. ಒತ್ತಡದಲ್ಲಿ ಗಾಳಿಯ ಸಾರಜನಕ ರಕ್ತದಲ್ಲಿ ಕರಗುತ್ತದೆ. ಬೇಗ ಮೇಲೆ ಬಂದರೆ, ಗೋಲಿ ಸೋಡಾ ಒಡೆದಾಗ ಬುಸ್ಸೆಂದು ಗುಳ್ಳೆ ಏಳುವಂತೆ ಮೈಯೊಳಗೆ ಗುಳ್ಳೆ ಏಳುತ್ತದೆ. ಬ್ರಿಟನ್ನಿನ ಜೆ.ಎಸ್. ಹಾಲ್ಡೇನ್ ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿ, ಎಷ್ಟು ನಿಧಾನವಾಗಿ ಮೇಲೆ ಬರಬೇಕೆಂಬ ಕೋಷ್ಟಕವನ್ನು 1908ರಲ್ಲಿ ಪ್ರಕಟಿಸಿದರು. ಫಿಲಿಪೈನ್ಸ್ ದೇಶದಲ್ಲಿ ಬಡ ಮೀನುಗಾರರು ದೋಣಿಯ ಮೇಲಿನ ಕಂಪ್ರೆಸರಿನಿಂದ ತೆಳ್ಳಗಿನ ಪ್ಲಾಸ್ಟಿಕ್ ಪೈಪಿನಲ್ಲಿ ಉಸಿರಾಡುತ್ತಾ ಮೀನು ಹಿಡಿಯುವುದುಂಟು, ಅಂದರೆ ನಮ್ಮ ಹುಡುಗನ ಚಿತ್ರದಲ್ಲಿದ್ದಂತೆಯೇ. ಅವರಲ್ಲಿ ಕೆಲವರ ಕೈಕಾಲು ಸ್ವಾಧೀನ ತಪ್ಪಿದೆ, ಕೆಲವರು ಸತ್ತಿದ್ದಾರೆ.

ಅಂದಹಾಗೆ, ಮೋಟರಿನ ಕಥೆ. ಪಕ್ಕದ ತೋಟದವರ ಪಂಪಿನಿಂದ ಬಾವಿಯ ನೀರು ತಗ್ಗಿಸಿ, ಮೇಲಿನಿಂದಲೇ ಕೊಕ್ಕೆ ಸಿಕ್ಕಿಸಿ, ಚೈನ್ ಪುಲ್ಲಿಯಲ್ಲಿ ಎತ್ತಿದರಂತೆ. ಯಾರೂ ನೀರಿಗೆ ಇಳಿಯಲಿಲ್ಲ. ಪ್ರದರ್ಶನದಲ್ಲಿ ಹುಡುಗ ಇಂಕ್ ಫಿಲ್ಲರಿನ ಬಾಟಲಿಯನ್ನಿಟ್ಟಿದ್ದ. ಅದರ ಹಿಂದೆ ತನ್ನ ಹಳೆಯ ಚಿತ್ರವನ್ನೂ ಅಂಟಿಸಿ, ಮೇಲೆ “ಯಾಕೆ ಬೇಡ?” ಎಂದು ಕೆಂಪು ಇಂಕಿನಲ್ಲಿ ಬರೆದಿದ್ದ.

ಹೊರಡುವಾಗ ನನ್ನನ್ನು ನಿಲ್ಲಿಸಿ ಇನ್ನೊಂದು ಪ್ರಶ್ನೆ ಕೇಳಿದ. “ಮೀನಿನ ಹೊಟ್ಟೇಲಿ ಗಾಳಿ ಚೀಲ ಇರ್ತದಲ್ಲ ಸಾರ್, ತುಂಬ ಆಳದ ಮೀನನ್ನ ಗಾಳದಲ್ಲಿ ಜೋರಾಗಿ ಎಳೆದ್ರೆ ಅದಕ್ಕೇನಾಗ್ತದೆ?” ಉತ್ತರವನ್ನು ನೀವು ಯೋಚಿಸಿ ಬರೆದು, ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.